ಇಜ್ಜಾ ಹಾಡದೆ ಹರಾಜಿಲ್ಲ

ನಮ್ಮ ತಮಾಲೂತ್ ಊರಿನಲ್ಲಿ ಹರಾಜು ಕೂಗುವವನು ನಾನು. ಹೆಸರು ಬಿಹಿ. ಬುಧವಾರದ ಸಂತೆಯಲ್ಲಿ ಹೇಸರಗತ್ತೆಗಳನ್ನು ಮಾರಿಸಿಕೊಟ್ಟು, ದಲ್ಲಾಳಿ ದುಡ್ಡಿನಲ್ಲಿ ಸಂಸಾರ ಸಾಕಿದವನು. ನನ್ನ ಗಂಟಲಿಗೆ ಮೂರು ಬೆಟ್ಟದಾಚೆಗೂ ಹೆಸರಿದೆ. ನನ್ನನ್ನು ನಾನೇ ಹೊಗಳಿಕೊಂಡರೆ ನೀವು ನಗುತ್ತೀರಿ, ನಗಿ. ಆದರೆ ಹೊಟ್ಟೆಯುರಿದರೂ ಒಂದು ಮಾತು ಒಪ್ಪಿಕೊಳ್ಳುತ್ತೇನೆ. ಈ ಮೂವತ್ತು ವರ್ಷ ನಮ್ಮೂರ ಹರಾಜು ನಡೆಸಿದ್ದು ನಾನಲ್ಲ, ಇಜ್ಜಾ.

ಇಜ್ಜಾ ಯಾರು ಅಂದರೆ ಏನು ಹೇಳಲಿ? ಅರವತ್ತು ದಾಟಿದ ವಿಧವೆ. ಬೆಳಗಿನಿಂದ ಸಂಜೆಯ ತನಕ ಎರಡು ಕಲ್ಲಿನ ನಡುವೆ ಅರ್ಗಾನ್ ಬೀಜ ಒಡೆದು, ಎಣ್ಣೆ ತೆಗೆದು ಮಾರುವವಳು. ಓದು ಬರಹ ಬಾರದು. ಎತ್ತರ ನನ್ನ ಭುಜಕ್ಕೆ ಬರುತ್ತಾಳೋ ಇಲ್ಲವೋ. ಆದರೆ ಆ ನಾಲಿಗೆ! ದೇವರೇ, ಆ ನಾಲಿಗೆಗೆ ಹೆದರಿ ನಮ್ಮೂರ ಗಂಡಸರು ಅವಳ ಮನೆ ಮುಂದೆ ಹೋಗುವಾಗ ಅಂಗಿಯ ಗುಂಡಿ ಸರಿಯಾಗಿ ಹಾಕಿದೆಯೋ ಇಲ್ಲವೋ ಎಂದು ನೋಡಿಕೊಳ್ಳುತ್ತಾರೆ.

ಊರಿಗೆ ಏನೇ ಬೇಕಾದರೂ ದುಡ್ಡು ಎತ್ತುವ ಕೆಲಸ ಇಜ್ಜಾಳದ್ದು. ಊರಿನ ಸಂಘಕ್ಕೆ ಅಧ್ಯಕ್ಷರು ಯಿದ್ದರ್ ಮಾಸ್ತರು. ಪಾಪ, ರಸೀದಿ ಪುಸ್ತಕ ಹಿಡಿದು ಬಾಗಿಲಲ್ಲಿ ನಿಂತು ‘ದಯವಿಟ್ಟು’ ಎನ್ನುವ ಜಾತಿ. ಇಜ್ಜಾಳ ದಾರಿ ಬೇರೆ. ಊರಿನಲ್ಲಿ ಎಲ್ಲರಿಗಿಂತ ಬಡವಿ ಯಾರೋ ಅವಳ ಮನೆಗೆ ಮೊದಲು ಹೋಗಿ ಒಂದೇ ಒಂದು ಮೊಟ್ಟೆ ಕೇಳಿ ತರುತ್ತಾಳೆ. ಆ ಮೊಟ್ಟೆಯನ್ನು ಅಂಗೈಯಲ್ಲಿಟ್ಟುಕೊಂಡು ಸೀದಾ ಶ್ರೀಮಂತರ ಬಾಗಿಲಿಗೆ.

“ನೋಡಪ್ಪಾ, ಎರಡೇ ಕೋಳಿ ಇರೋ ಮನೆಯಿಂದ ಇದು ಬಂತು. ನಿನ್ ಮನೇಲಿ ಎಷ್ಟು ಕೋಳಿ ಇದೆ ಅಂತ ನಾನೇನೂ ಕೇಳಲ್ಲ. ನೀನೇ ಎಣಿಸ್ಕೊ.”

ಅಷ್ಟೇ. ಎಂಜಲು ಕೈಯಲ್ಲಿ ಕಾಗೆ ಓಡಿಸದವನೂ ಒಳಗೆ ಹೋಗಿ ಗಂಟು ಬಿಚ್ಚುತ್ತಿದ್ದ. ಊರಿಗೆ ನೀರಿನ ಕೊಳವೆ ಬಂದದ್ದು ಹೀಗೆ. ಬೆಟ್ಟದಿಂದ ಬಿದ್ದು ಸೊಂಟ ಮುರಿದುಕೊಂಡ ಕುರುಬನಿಗೆ ಆಪರೇಷನ್ ಆದದ್ದೂ ಹೀಗೆ. ಹನಿಹನಿಗೂಡಿದರೆ ಹಳ್ಳ ಎನ್ನುವುದು ಗಾದೆ ಸರಿ, ಆದರೆ ಹನಿಯನ್ನು ಹಿಂಡುವವರೂ ಒಬ್ಬರು ಬೇಕಲ್ಲ!

ದೊಡ್ಡ ದುಡ್ಡು ಏಳುವುದು ಮಾತ್ರ ಆಗಸ್ಟ್ ತಿಂಗಳ ಹರಾಜಿನಲ್ಲೇ. ನಮ್ಮೂರ ಅರ್ಧ ಗಂಡಸರು ಕಾಸಾಬ್ಲಾಂಕಾದಲ್ಲಿ ಕಿರಾಣಿ ಅಂಗಡಿ ಇಟ್ಟವರು. ಹನ್ನೊಂದು ತಿಂಗಳು ಗಲ್ಲಾದ ಹಿಂದೆ ಮಲಗಿ ಎದ್ದು, ಆಗಸ್ಟಿನಲ್ಲಿ ಊರಿಗೆ ಬಂದು ಹದಿನೈದು ದಿನ ದೊರೆಗಳಾಗುತ್ತಾರೆ. ಊರೂಟ ಮುಗಿದ ಮಧ್ಯಾಹ್ನ ಎಲ್ಲರೂ ಕಣದಲ್ಲಿ ಸೇರುತ್ತಾರೆ. ಸುತ್ತಲಿನ ಮಾಳಿಗೆಗಳ ಮೇಲೆ ಹೆಂಗಸರು. ನಡುವೆ ನಾನು, ನನ್ನ ಕೈಯಲ್ಲಿ ನೀಲಿ ಕಾಗದ ಸುತ್ತಿದ ಮೊಳದುದ್ದದ ಒಂದು ಸಕ್ಕರೆ ಅಚ್ಚು. ಅಂಗಡಿಯಲ್ಲಿ ಅದಕ್ಕೆ ಇಪ್ಪತ್ತು ದಿರ್ಹಮ್ ಕೂಡ ಇಲ್ಲ. ಕಣದಲ್ಲಿ ಅದು ಸಾವಿರಕ್ಕೆ ಹೋಗುತ್ತದೆ! ಗೆದ್ದವನು ದುಡ್ಡು ಕೊಟ್ಟು, ಸಕ್ಕರೆಯನ್ನು ಮನೆಗೆ ಒಯ್ಯದೆ, “ಮತ್ತೆ ಮಾರು” ಎಂದು ನನಗೇ ವಾಪಸು ಕೊಡಬೇಕು. ನಾನು ಮತ್ತೆ ಕೂಗುತ್ತೇನೆ. ಹೀಗೆ ಒಂದೇ ಸಕ್ಕರೆ ಒಂದೇ ಮಧ್ಯಾಹ್ನದಲ್ಲಿ ಇಪ್ಪತ್ತು ಸಲ ಮಾರಾಟವಾದದ್ದುಂಟು.

ಇನ್ನೊಂದು ಕಟ್ಟಳೆ ಇದೆ. ಗಂಡಸು ಎಷ್ಟೇ ಸವಾಲು ಕೂಗಲಿ, ಮಾಳಿಗೆಯಿಂದ ಅವನ ಹೆಸರು ಹಾಡಾಗಿ ಇಳಿದು ಬರಬೇಕು. ಅವನ ಹೆಸರು, ಅವನಪ್ಪನ ಹೆಸರು ಎರಡೂ. ಅದು ಬಂದ ಮೇಲೆಯೇ ನಾನು ಮೂರನೇ ಸಾರಿ ಕೂಗುವುದು. ಅದು ಬರದಿದ್ದರೆ ಸವಾಲು ಬಿದ್ದುಹೋದ ಹಾಗೆ. ಪದ ಎತ್ತುವವಳು ಇಜ್ಜಾ, ಉಳಿದ ಹೆಂಗಸರು ಹಿಮ್ಮೇಳ. ಹೊಗಳಿದರೆ ಅವನು ಮುಂದಿನ ಆಗಸ್ಟಿನ ತನಕ ಉಬ್ಬಿಕೊಂಡಿರುತ್ತಾನೆ. ಕುಟುಕಿದರೆ ಕಾಸಾಬ್ಲಾಂಕಾದ ಅಂಗಡಿ ಅಂಗಡಿಯಲ್ಲೂ ಅದೇ ಪದ. ಹಾಜ್ ಅಬ್ಲಾ ಎಂಬ ನಮ್ಮ ದೊಡ್ಡ ಅಂಗಡಿಯವನ ಮೇಲೆ ಒಮ್ಮೆ ಇಜ್ಜಾ ಹಾಡಿದ್ದಳು:

ಬೆಟ್ಟ ಹತ್ತಿ ಬಂದಾನಮ್ಮಾ, ಜೇಬು ತುಂಬಿ ತಂದಾನಮ್ಮಾ,
ಮೂಸಾನ ಮಗ ಅಬ್ಲಾನ ಕೈ ಜೇಬಿಗಿನ್ನೂ ಇಳಿಯಲಿಲ್ಲಮ್ಮಾ!

ಆ ಒಂದು ಪದಕ್ಕೆ ಹಾಜ್ ಅಬ್ಲಾ ಸವಾಲನ್ನು ಮೂರು ಪಟ್ಟು ಏರಿಸಿದ. ಸಿಟ್ಟಿನಿಂದ ಕೊಟ್ಟನೋ ಸಂತೋಷದಿಂದ ಕೊಟ್ಟನೋ, ನೀರಿನ ಕೊಳವೆಗೆ ಅದು ಗೊತ್ತಾಗುವುದಿಲ್ಲ.

ಇಷ್ಟೆಲ್ಲ ಹೆಸರು ಹಾಡಿದ ಇಜ್ಜಾಳ ಬಾಯಲ್ಲಿ ಇಪ್ಪತ್ತೆರಡು ವರ್ಷದಿಂದ ಒಂದು ಹೆಸರು ಬಂದಿರಲಿಲ್ಲ. ಬೆಲೈದ್. ಒಡಹುಟ್ಟಿದ ತಮ್ಮ. ಅವ್ವ ಬೇಗ ಸತ್ತದ್ದರಿಂದ ಇಜ್ಜಾಳೇ ಬೆನ್ನಿಗೆ ಕಟ್ಟಿಕೊಂಡು ಸಾಕಿದ ಹುಡುಗ. ಅಪ್ಪ ಹಮು ಬಿಟ್ಟುಹೋದ ಹನ್ನೊಂದು ಅರ್ಗಾನ್ ಮರಗಳನ್ನು ಅವನು ಅಕ್ಕನಿಗೆ ಒಂದು ಮಾತೂ ಹೇಳದೆ ಮಾರಿ, ಕಾಸಾಬ್ಲಾಂಕಾದಲ್ಲಿ ಅಂಗಡಿ ಹಿಡಿದ. ಆಗ ಇಜ್ಜಾ ಗಂಡನನ್ನು ಕಳೆದುಕೊಂಡು ವರ್ಷವಾಗಿರಲಿಲ್ಲ. ಒಂದು ಬೆಳಗ್ಗೆ ಬುಟ್ಟಿ ಹಿಡಿದು ಮರದ ಬುಡಕ್ಕೆ ಹೋದರೆ ಯಾರೋ ಪರವೂರಿನವನು ಕಾಯಿ ಆರಿಸುತ್ತಿದ್ದಾನೆ! “ಯಾರಮ್ಮಾ ನೀನು?” ಎಂದು ಅವಳನ್ನೇ ಕೇಳಿದನಂತೆ. ಬುಟ್ಟಿಯನ್ನು ಅಲ್ಲೇ ಬಿಟ್ಟು ಬಂದಳು. ಅಂದಿನಿಂದ ತಮ್ಮ ಎದುರು ಬಂದರೆ ಗೋಡೆಗೆ ಮುಖ. ಯಾರಾದರೂ ಕೇಳಿದರೆ “ಆ ಅಂಗಡಿಯವನಾ?” ಎಂದಷ್ಟೇ.

ಮರ ಮಾರಿದ ಮರುವರ್ಷ ಬೆಲೈದ್ ಕಣಕ್ಕೆ ಬಂದು ಸವಾಲು ಕೂಗಿದ್ದ. ಮಾಳಿಗೆ ತುಟಿ ಬಿಚ್ಚಲಿಲ್ಲ. ಇಜ್ಜಾ ಎತ್ತದ ಪದವನ್ನು ಬೇರೆಯವಳು ಎತ್ತುವಂತಿಲ್ಲ. ನಾನು ಒಂದು ಸಾರಿ ಕೂಗಿದೆ, ಎರಡು ಸಾರಿ ಕೂಗಿದೆ, ಕೊನೆಗೆ ತಲೆ ತಗ್ಗಿಸಿ ಅವನಿಗಿಂತ ಕಡಿಮೆ ಕೂಗಿದವನಿಗೆ ಸಕ್ಕರೆ ಕೊಟ್ಟೆ. ಬೆಲೈದನ ಕಿವಿ ಕೆಂಪಗಾದದ್ದು ಈಗಲೂ ನನ್ನ ಕಣ್ಣ ಮುಂದಿದೆ. ಆಮೇಲೆ ಅವನು ಸವಾಲಿಗೆ ಬರಲಿಲ್ಲ. ಪ್ರತಿ ವರ್ಷ ಒಂದು ಲಕೋಟೆ ಮಾಸ್ತರ ಕೈಗೆ ಕೊಟ್ಟು, ಕಣದ ಹಿಂದಿನ ಗೋಡೆಗೆ ಒರಗಿ ನಿಲ್ಲುತ್ತಿದ್ದ.

ಇನ್ನು ಹೋದ ವರ್ಷದ ಮಾತು.

ನಮ್ಮೂರಲ್ಲಿ ಆರನೇ ತರಗತಿಯ ತನಕ ಶಾಲೆ. ಮುಂದೆ ಓದಬೇಕೆಂದರೆ ಹದಿನಾಲ್ಕು ಕಿಲೋಮೀಟರ್ ದೂರದ ಪೇಟೆ. ಗಂಡು ಮಕ್ಕಳು ಲಾರಿಯ ಹಿಂದೆ ನೇತಾಡಿಕೊಂಡಾದರೂ ಹೋಗುತ್ತಾರೆ. ಹೆಣ್ಣು ಮಕ್ಕಳು ಮನೆಯಲ್ಲಿ ಕೂತು ಬೀಜ ಒಡೆಯುತ್ತಾರೆ. ಆ ವರ್ಷ ಆರನೆಯದು ಮುಗಿಸಿದ ಏಳು ಹುಡುಗಿಯರಲ್ಲಿ ಇಜ್ಜಾಳ ಮೊಮ್ಮಗಳು ತೂಡಾ ಕೂಡ ಒಬ್ಬಳು. ಸುತ್ತಲಿನ ಹಳ್ಳಿಗಳಿಗೆಲ್ಲ ಮೊದಲನೆಯವಳಾಗಿ ಪಾಸಾದ ಹುಡುಗಿ. ಅಜ್ಜಿಗೆ ಅದು ಎಷ್ಟು ಹೆಮ್ಮೆ ಅಂದರೆ, ಅಂಕಪಟ್ಟಿಯನ್ನು ತಲೆಕೆಳಗಾಗಿ ಹಿಡಿದು ಮನೆ ಮನೆಗೆ ತೋರಿಸಿಕೊಂಡು ಬಂದಳು.

ಪೇಟೆಯಲ್ಲಿ ಒಬ್ಬ ತನ್ನ ಹಳೆಯ ಮಿನಿಬಸ್ಸು ಮಾರುತ್ತಿದ್ದ. ಅದು ಸಿಕ್ಕಿದರೆ ಏಳೂ ಹುಡುಗಿಯರು ಸೆಪ್ಟೆಂಬರಿನಲ್ಲಿ ಶಾಲೆಗೆ. ವರ್ಷವಿಡೀ ಇಜ್ಜಾ ಮೊಟ್ಟೆ ಹಿಡಿದು ಅಲೆದಳು. ಅರವತ್ತು ಸಾವಿರದ ಬೆಲೆಗೆ ಮೂವತ್ತೆಂಟು ಕೂಡಿತ್ತು. ಉಳಿದದ್ದು ಇಪ್ಪತ್ತೆರಡು. ಬಸ್ಸಿನವನು ಬೇರೆ ಊರಿನವರಿಗೂ ಮಾತು ಕೊಟ್ಟು ಕೂತಿದ್ದ. “ನಾಳೆ ಮಧ್ಯಾಹ್ನದೊಳಗೆ ಪೂರ್ತಿ ದುಡ್ಡು ತಂದ್ರೆ ನಿಮ್ದು, ಇಲ್ಲಾಂದ್ರೆ ಅವ್ರದು” ಎಂದು ಹರಾಜಿನ ದಿನ ಬೆಳಗ್ಗೆ ಹೇಳಿದ್ದ.

ಹಾಗಾಗಿ ಆವತ್ತು ನಾನು ಬೇಗನೇ ಕಣಕ್ಕೆ ಇಳಿದು ಸಕ್ಕರೆ ಎತ್ತಿ ಹಿಡಿದೆ.

ಶುರುವಾಯಿತು ನೋಡಿ! ಹಾಜ್ ಅಬ್ಲಾ ಐನೂರು ಅಂದ. ಅವನ ಅಂಗಡಿಯ ಎದುರಿನ ಅಂಗಡಿಯವನು ಎದ್ದು ಏಳುನೂರು ಅಂದ. ಎದುರುಬದುರು ಅಂಗಡಿ ಅಂದರೆ ಗೊತ್ತಲ್ಲ, ಕಾಸಾಬ್ಲಾಂಕಾದ ಜಗಳವೆಲ್ಲ ನಮ್ಮ ಕಣಕ್ಕೆ ಇಳಿಯಿತು. ಇಜ್ಜಾ ಮಾಳಿಗೆಯಿಂದ ಇಬ್ಬರಿಗೂ ಕಡ್ಡಿ ಗೀರುತ್ತಿದ್ದಳು. ಒಬ್ಬನನ್ನು ಹೊಗಳಿ ಇನ್ನೊಬ್ಬನನ್ನು ಚುಚ್ಚುವಳು, ಮರುಗಳಿಗೆ ಚುಚ್ಚಿದವನನ್ನು ಎತ್ತಿ ಆಕಾಶಕ್ಕೆ ಕೂರಿಸುವಳು. ಹೆಂಗಸರು ನಾಲಿಗೆ ಹೊರಳಿಸಿ ಕೇಕೆ ಹಾಕಿದರೆ ಎದುರು ಬೆಟ್ಟದ ಆಡುಗಳು ಓಡಬೇಕು! ಸಕ್ಕರೆ ಮಾರಿದೆ, ವಾಪಸು ಬಂತು, ಮಾರಿದೆ, ವಾಪಸು ಬಂತು. ನೀಲಿ ಕಾಗದ ಹರಿದು ನೇತಾಡಿತು. ನನ್ನ ಅಂಗಿ ಬೆವರಿಗೆ ಬೆನ್ನಿಗಂಟಿತು. ಮಾಸ್ತರು ತಗಡಿನ ಡಬ್ಬಿ ಹಿಡಿದು ನನ್ನ ಹಿಂದೆ ಹಿಂದೆಯೇ ಓಡಾಡಿದರು. ಹದಿನಾಲ್ಕು ಸಾವಿರ ಆಯಿತು!

ಅಲ್ಲಿಗೆ ನಿಂತಿತು.

ಹಾಜ್ ಅಬ್ಲಾ ಎರಡೂ ಜೇಬು ಹೊರಗೆ ಎಳೆದು ತೋರಿಸಿದ. “ಬಿಹಿ, ಇನ್ನು ನನ್ ಚಪ್ಪಲಿ ಮಾತ್ರ ಉಳಿದಿದೆ. ಮಾರ್ತೀಯಾ?” ಎದುರಂಗಡಿಯವನು ನೆಲ ನೋಡಿದ. ಬಡವರು ಹತ್ತು ಇಪ್ಪತ್ತು ಕೂಗಿ ಆಗಲೇ ಮುಗಿದಿತ್ತು, ಈ ಸುತ್ತಿನ ಸವಾಲು ಒಬ್ಬ ಬಡವನ ಇಪ್ಪತ್ತಕ್ಕೇ ನಿಂತಿತ್ತು. ಇನ್ನೂ ಎಂಟು ಸಾವಿರ ಬೇಕು. ನಾನು ಸಕ್ಕರೆಯನ್ನು ತಲೆಯ ಮೇಲೆತ್ತಿ ಕಣದ ತುಂಬ ತಿರುಗಿದೆ. ಕೂಗಿದೆ, ಬೈದೆ, ಬೇಡಿದೆ.

ಆಗ ಹಿಂದಿನ ಗೋಡೆಯ ಹತ್ತಿರ ಒಂದು ಕೈ ಮೇಲೆದ್ದಿತು.

“ಎರಡು ಸಾವಿರ.”

ಬೆಲೈದ್! ಜನ ಒಟ್ಟಿಗೇ ಹಿಂತಿರುಗಿ ನೋಡಿದರು. ಆಮೇಲೆ ಒಟ್ಟಿಗೇ ಮಾಳಿಗೆ ನೋಡಿದರು.

“ಎರಡು ಸಾವಿರ, ಒಂದು ಸಾರಿ!” ಅಂದೆ.

ಪದ ಬರಲಿಲ್ಲ. ಇಜ್ಜಾ ಬಿಳಿ ಹೊದಿಕೆಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ನಿಂತಿದ್ದಳು.

“ಎರಡು ಸಾವಿರ, ಎರಡು ಸಾರಿ!”

ಇಲ್ಲ. ಹೆಂಗಸರು ಇಜ್ಜಾಳ ಮುಖ ನೋಡುತ್ತಿದ್ದಾರೆ, ಇಜ್ಜಾ ಬೆಟ್ಟ ನೋಡುತ್ತಿದ್ದಾಳೆ. ನನಗೆ ಪಿತ್ತ ನೆತ್ತಿಗೇರಿತು. ಆದರೂ ದೊಡ್ಡ ಹೆಂಗಸೆಂದು ಮರ್ಯಾದೆಗೆ ‘ಲಲ್ಲಾ’ ಎಂದೇ ಕರೆದೆ.

“ಲಲ್ಲಾ ಇಜ್ಜಾ! ಹೆಸರು ಬೇಕು!”

“ಗಂಟಲು ಒಣಗಿದೆ” ಅಂದಳು ಮೇಲಿಂದ.

“ಇಷ್ಟೊತ್ತು ಒಣಗದ ಗಂಟಲು ಈಗ ಒಣಗ್ತಾ? ನೀರು ಕುಡಿ!”

“ನೀರಿಗೆ ನೆನೆಯೋ ಗಂಟಲಲ್ಲ ಕಣೋ ಇದು.”

“ಸರಿ ಹಾಗಾದ್ರೆ!” ಎಂದು ನಾನು ಸಕ್ಕರೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡೆ. ಸಿಟ್ಟು ಬಂದರೆ ನನಗೆ ಹಿಂದುಮುಂದು ಗೊತ್ತಾಗುವುದಿಲ್ಲ. “ಎಲ್ರೂ ಮನೆಗ್ ನಡೀರಿ! ಬಸ್ಸೂ ಇಲ್ಲ, ಶಾಲೇನೂ ಇಲ್ಲ! ನಾಳೆಯಿಂದ ಏಳೂ ಹುಡುಗೀರು ಬೀಜ ಒಡೀಲಿ! ಬೇಕಾದಷ್ಟು ಕಲ್ಲಿದೆ ಈ ಊರಲ್ಲಿ!”

ಯಾರೂ ಕದಲಲಿಲ್ಲ. ಬೆಲೈದನ ಕೈ ಇನ್ನೂ ಮೇಲೆಯೇ ಇತ್ತು. ಆ ನಿಶ್ಶಬ್ದದಲ್ಲಿ ಮಾಳಿಗೆಯ ಮೇಲೆ ತೂಡಾ ಅಜ್ಜಿಯ ಸೆರಗು ಹಿಡಿದು ಮೆಲ್ಲಗೆ ಹೇಳಿದ್ದು ಕೆಳಗೆ ನನ್ನ ತನಕ ಕೇಳಿಸಿತು.

“ಪರ್ವಾಗಿಲ್ಲ ಅಜ್ಜಿ. ನಂಗೆ ಬೀಜ ಒಡಿಯಕ್ಕೆ ಬರುತ್ತೆ. ನೀನು ಹಾಡ್ಬೇಡ.”

ಇಜ್ಜಾ ಮೊಮ್ಮಗಳ ಮುಖ ನೋಡಿದಳು. ಬಾಯಲ್ಲಿ ಕಚ್ಚಿದ್ದ ಹೊದಿಕೆ ಬಿಟ್ಟಳು. ಆಮೇಲೆ ಬಂತು, ಇಪ್ಪತ್ತೆರಡು ವರ್ಷ ಒಳಗೇ ಕೊಳೆತ ಮಾತು:

ಮರವ ಮಾರಿ ಪಟ್ಟಣ ಸೇರಿದೆ, ನೆರಳಿಲ್ಲದೆ ನಾನುಳಿದೆ,
ಹಮುವಿನ ಮಗ ಬೆಲೈದ, ನನ್ನವ್ವನ ಕಡೇ ಮಗನೆ.

ಹೊಗಳಿದಳೋ? ಕುಟುಕಿದಳೋ? ಎರಡೂ ಮಾಡಿದಳು! ಹಿಮ್ಮೇಳದ ಹೆಂಗಸರು ಎರಡನೇ ಸಾಲು ಎತ್ತಿಕೊಂಡಾಗ ಅರ್ಧ ಜನರ ದನಿ ಒಡೆದಿತ್ತು. “ಮೂರು ಸಾರಿ!” ಎಂದು ನಾನು ಕಿರುಚಿದೆ. ಗಂಡಸರು ‘ಆಮೀನ್’ ಅಂದರು. ಬೆಲೈದ್ ಮುಂದೆ ಬಂದು ದುಡ್ಡು ಡಬ್ಬಿಗೆ ಹಾಕಿ, ಸಕ್ಕರೆಯನ್ನು ಮುಟ್ಟಿ, ನನ್ನ ಕೈಗೇ ತಳ್ಳಿದ.

“ಮತ್ತೆ ಮಾರು” ಅಂದ. ತಕ್ಷಣವೇ ಕೈ ಎತ್ತಿದ. “ಸಾವಿರ!”

“ಯಾರ ಮೇಲಯ್ಯಾ? ಎದುರಿಗೆ ಒಬ್ರೂ ಕೂಗಿಲ್ವಲ್ಲ!”

“ಯಾರೂ ಬೇಡ. ನೀನು ಕೂಗು.”

“ಒಬ್ನೇ ಕೂಗಿದ್ರೆ ಅದು ಹರಾಜಲ್ಲಪ್ಪಾ. ಎದುರಾಳಿ ಬೇಕು!”

ಜನ ಗುಜುಗುಜು ಶುರುಮಾಡಿದರು. ಆಗ ಹಾಜ್ ಅಬ್ಲಾ, ಆ ಜಿಪುಣ, ಆ ಪಾಪಿ, ಅವನ ಹೊಟ್ಟೆ ತಣ್ಣಗಿರಲಿ, ಎದ್ದು ನಿಂತು ತೊಡೆ ತಟ್ಟಿದ. “ನಾನಿದೀನಿ ಎದುರಾಳಿ! ಹತ್ತು ದಿರ್ಹಮ್!”

ಕಣವೆಲ್ಲ ಗೊಳ್ಳೆಂದಿತು.

“ಸಾವಿರ!” ಅಂದ ಬೆಲೈದ್.

ನಾನು ಮಾಳಿಗೆ ನೋಡಿದೆ. ಈ ಸಲ ಕಾಯಬೇಕಾಗಲಿಲ್ಲ.

ಬೆನ್ನಿಗೆ ಕಟ್ಟಿ ನೀರಿಗೆ ಹೋದೆ, ನಿದ್ದೆಯಲ್ಲೂ ಇಳಿಸಲಿಲ್ಲ,
ಹಮುವಿನ ಮಗ ಬೆಲೈದ, ನೀನೇ ಇಳಿದು ಹೋದೆಯಲ್ಲ.

“ಮತ್ತೆ ಮಾರು!” ಅಂದ ಬೆಲೈದ್. ಕಣ್ಣೀರು ಗಡ್ಡದ ತನಕ ಇಳಿದಿತ್ತು. ಒರೆಸಿಕೊಳ್ಳುವ ವ್ಯವಧಾನವೂ ಇಲ್ಲ.

“ಹತ್ತು!” ಹಾಜ್ ಅಬ್ಲಾ ಅರಚಿದ.

“ಸಾವಿರ!”

ಆಗ ನನ್ನ ದಪ್ಪ ತಲೆಗೆ ಹೊಳೆಯಿತು. ಇವನಿಗೆ ಬೇಕಾದದ್ದು ಸಕ್ಕರೆಯಲ್ಲ, ಪುಣ್ಯವೂ ಅಲ್ಲ. ಅಕ್ಕನ ಬಾಯಲ್ಲಿ ತನ್ನ ಹೆಸರು! ಸಾವಿರಕ್ಕೆ ಒಂದು ಸಲ ಅಂತ ಕೊಳ್ಳುತ್ತಿದ್ದಾನೆ! ನಾನು ಬಿಟ್ಟೇನೆಯೇ? ಬೇಗ ಬೇಗ ಕೂಗಿದೆ. ಮೂರು, ನಾಲ್ಕು, ಐದು, ಆರನೇ ಸಾವಿರ. ಒಂದೊಂದು ಸಲಕ್ಕೂ ಪದ ಮೆತ್ತಗಾಗುತ್ತ ಬಂತು. ಬೈಗುಳ ಹೋಗಿ ದೂರು ಬಂತು, ದೂರು ಹೋಗಿ ವಿಚಾರಣೆ ಬಂತು. ‘ಗಡ್ಡ ನರೆತಿತಲ್ಲೊ, ಬೆಳಗ್ಗೆ ಏನು ತಿನ್ನುತ್ತೀಯೊ’ ಅಂತಲೂ ಒಂದು ಪದ ಕಟ್ಟಿದಳು. ಹರಾಜಿನಲ್ಲಿ ತಿಂಡಿ ಕೇಳಿದ ಪದವನ್ನು ನಾನು ಜನ್ಮದಲ್ಲಿ ಕೇಳಿರಲಿಲ್ಲ.

“ಆಯ್ತು!” ಮಾಸ್ತರು ಡಬ್ಬಿ ಎತ್ತಿ ಹಿಡಿದು ಕೂಗಿದರು. ಅವರು ಕೂಗಿದ್ದನ್ನು ಊರು ಕೇಳಿದ್ದು ಅದೇ ಮೊದಲು. “ಪೂರ್ತಿ ಆಯ್ತು! ಬಸ್ಸು ನಮ್ದೇ!”

ಹೇಗೆ ಹೇಳಲಿ ಆ ಗಲಾಟೆಯನ್ನು! ಟೋಪಿಗಳು ಮೇಲೆ ಹಾರಿದವು. ಹಾಜ್ ಅಬ್ಲಾ ತನ್ನ ಎದುರಂಗಡಿಯವನನ್ನು ತಬ್ಬಿಕೊಂಡ, ಆಮೇಲೆ ಯಾರನ್ನು ತಬ್ಬಿಕೊಂಡೆ ಎಂದು ನೋಡಿ ಬಿಟ್ಟ. ಏಳು ಹುಡುಗಿಯರು ಮಾಳಿಗೆಯ ಮೇಲೆ ಕುಣಿದ ರಭಸಕ್ಕೆ ಮಣ್ಣು ಉದುರಿ ನನ್ನ ತಲೆಯ ಮೇಲೆ ಬಿತ್ತು. ಬೀಳಲಿ ಅಂದೆ.

ಎಲ್ಲರೂ ಕುಣಿಯುತ್ತಿದ್ದಾಗ ಬೆಲೈದ್ ಒಬ್ಬ ಕಣದ ನಡುವೆ ನಿಂತೇ ಇದ್ದ. ಕೈ ಮೇಲೆ ಎತ್ತಿದ್ದ.

“ಇಳಿಸಪ್ಪಾ ಕೈ” ಅಂದೆ ಹತ್ತಿರ ಹೋಗಿ. “ಮುಗೀತು. ಬೇಕಾದಷ್ಟು ಬಂತು.”

“ಇನ್ನೊಂದ್ ಸಲ ಮಾರು ಬಿಹಿಯಣ್ಣಾ.”

“ದುಡ್ಡಿದೆಯಾ?”

ಒಂದು ಜೇಬು ನೋಡಿದ, ಇನ್ನೊಂದು ನೋಡಿದ. ತಲೆ ಅಲ್ಲಾಡಿಸಿದ. ಕಾಸಾಬ್ಲಾಂಕಾಕ್ಕೆ ವಾಪಸು ಹೋಗುವ ಬಸ್ ಚಾರ್ಜೂ ಇರಲಿಲ್ಲ ಅವನ ಹತ್ತಿರ. ಆದರೂ ಕೈ ಇಳಿಯಲಿಲ್ಲ. ಐವತ್ತು ದಾಟಿದ ಗಂಡಸು, ಗಡ್ಡ ಒದ್ದೆ, ಕೈ ಮೇಲೆ. ನಾನು ಅವನ ಭುಜ ಹಿಡಿದು ಆಚೆ ಕರೆದುಕೊಂಡು ಹೋಗಬೇಕೆಂದು ಕೈ ಚಾಚಿದೆ.

“ಮುಟ್ಬೇಡ ಅವನ್ನ!”

ಮೇಲಿಂದ ಇಜ್ಜಾ. ಕುಣಿತ ನಿಂತಿತು. ಅವಳು ಮಾಳಿಗೆಯ ಅಂಚಿಗೆ ಬಂದು ನಿಂತಿದ್ದಳು, ಹೊದಿಕೆ ಜಾರಿ ಹೆಗಲಿಗೆ ಬಿದ್ದಿತ್ತು.

“ಲಲ್ಲಾ, ಅವನ ಹತ್ರ ಒಂದು ಕಾಸೂ ಇಲ್ಲ” ಅಂದೆ. “ಸವಾಲೇ ಇಲ್ದೆ ಹೆಸರು ಹಾಡೋ ಕ್ರಮ ನಮ್ಮಲ್ಲಿಲ್ಲ.”

“ನಿನ್ ಹರಾಜು ಮುಗೀತಲ್ಲ, ಬಾಯಿ ಮುಚ್ಕೊಂಡ್ ಆಚೆ ನಿಲ್ಲು” ಅಂದಳು.

ನಾನು ಆಚೆ ನಿಂತೆ. ಇಜ್ಜಾ ಹಾಡಿದಳು. ಹಿಮ್ಮೇಳ ಬೇಡವೆಂದು ಹೆಂಗಸರಿಗೆ ಕೈಸನ್ನೆ ಮಾಡಿ, ಒಬ್ಬಳೇ, ತಮ್ಮನ ಹೆಸರು, ಅಪ್ಪನ ಹೆಸರು, ಅವ್ವನ ಹೆಸರು, ಮತ್ತೆ ತಮ್ಮನ ಹೆಸರು. ಒಂದು ದಿರ್ಹಮ್ ಇಲ್ಲದೆ.